ಕ್ಲೈಂಬರ್ ಸ್ಟ್ಯಾಂಡ್ ಮೇಲಿಂದ ಬಿಲ್ಲುಬೇಟೆ: ನನಗೆ ಕೈಹಿಡಿದ ಕ್ರಮ

"ಕ್ಲೈಂಬರ್ ಅಂದ್ರೆ ಬರೀ ಸದ್ದು, ಬೆವರು. ಸುಮ್ನೆ ಸ್ಯಾಡಲ್ ತಗೊ" ಅಂತ ಪೆನ್ಸಿಲ್ವೇನಿಯಾದ ನನ್ನ ಜೊತೆಗಾರರೆಲ್ಲ ಹೇಳಿದ್ದರು. ಕ್ಲೈಂಬರ್ ಅಂದರೆ ಕೇಬಲ್‌ನಿಂದ ಕಾಂಡಕ್ಕೆ ಕಚ್ಚಿಕೊಳ್ಳುವ ಎರಡು ತುಂಡು: ಮೇಲಿನ ಸೀಟನ್ನೂ ಕಾಲಡಿಯ ಪ್ಲಾಟ್‌ಫಾರ್ಮನ್ನೂ ಒಂದಾದ ಮೇಲೊಂದು ಮೇಲಕ್ಕೆಳೆಯುತ್ತಾ ಮರ ಹತ್ತುವುದು. ಸ್ಯಾಡಲ್ ಅಂದರೆ ಸೊಂಟಕ್ಕೆ ಕಟ್ಟಿಕೊಂಡು ಮರಕ್ಕೆ ಜೋತು ಕೂರುವ ಪಟ್ಟಿ. ಕಳೆದ ನವೆಂಬರಿನ ಮದಕಾಲದಲ್ಲಿ ಅದೇ ಕ್ಲೈಂಬರ್ ಮೇಲಿಂದ, ಹೆಚ್ಚುಕಮ್ಮಿ 18 ಗಜದಲ್ಲಿ, ಕೊಂಬಿಗೆ ಎಂಟು ಕವಲಿದ್ದ ಬಕ್ (ಗಂಡು ಜಿಂಕೆ) ಬಿದ್ದ ಮೇಲೆ ಅವರೇ ಬಂದು ಹೇಗೆ ಕಟ್ಟಿದೆ ಅಂತ ಕೇಳುತ್ತಿದ್ದಾರೆ.

ನಾನು ಹೋಗುವುದು ಸ್ಟೇಟ್ ಗೇಮ್ ಲ್ಯಾಂಡ್‌ಗೆ, ಅಂದರೆ ರಾಜ್ಯ ಸರ್ಕಾರದ ಬೇಟೆಗಾಡಿಗೆ. ಅಲ್ಲಿ ಮರಕ್ಕೆ ಗಾಯ ಮಾಡುವ ಸ್ಕ್ರೂ ಮೆಟ್ಟಿಲು ನಡೆಯುವುದಿಲ್ಲ. ಹೊತ್ತುಕೊಂಡು ಹೋಗಿ, ಗಾಳಿ ತಿರುಗಿದರೆ ಮರ ಬದಲಿಸಿ, ಕತ್ತಲಾದ ಮೇಲೆ ಹೊತ್ತು ತರಲು ಕ್ಲೈಂಬರ್ ಬಿಟ್ಟರೆ ಬೇರೆ ಇಲ್ಲ ಅನ್ನುವುದು ನನ್ನ ಹಠ. ಸ್ಟ್ಯಾಂಡ್ ಸೆಕೆಂಡ್ ಹ್ಯಾಂಡ್, 180 ಡಾಲರ್ ಆಸುಪಾಸು, ತೂಕ 20 ಪೌಂಡ್. ಕೇಬಲ್ ಬದಲಿಸಲು ಇನ್ನೊಂದು 40 ಹೋಯಿತು. ಬೀಳದಂತೆ ಮೈಗೆ ಕಟ್ಟುವ ಹಾರ್ನೆಸ್ ಮಾತ್ರ ಹೊಸದೇ, 120ರ ಹತ್ತಿರ. ಅದನ್ನು ಯಾರೂ ಹಳೆಯದು ಕೊಳ್ಳಬೇಡಿ. ಐದು ವರ್ಷವಾದರೆ ಕತ್ತರಿಸಿ ಬಿಸಾಡಿ.

ಮೊದಲ ಸೀಸನ್ನಿನಲ್ಲಿ ತೊಗಟೆ ಸಡಿಲವಾಗಿ ಸುಲಿಯುವ ಶಾಗ್‌ಬಾರ್ಕ್ ಹಿಕರಿ ಮರ ಹತ್ತುತ್ತಿದ್ದಾಗ ತೊಗಟೆಯ ಚಕ್ಕೆಯೊಂದು ಕಿತ್ತು ಬಂದು ಕಾಲಡಿಯ ಪ್ಲಾಟ್‌ಫಾರ್ಮ್ ಕಳಚಿಕೊಂಡಿತು. ಮೇಲಿನ ತುಂಡಿಗೂ ಕೆಳಗಿನದಕ್ಕೂ ಹಗ್ಗ ಕಟ್ಟಿದ್ದರಿಂದ ಅದು ಎರಡು ಮಾರು ಕೆಳಗೆ ನೇತಾಡುತ್ತಾ ನಿಂತಿತು. ಸೀಟಿನಲ್ಲಿ ಕೂತೇ ಹಗ್ಗ ಜಗ್ಗಿ, ಬೂಟಿನ ತುದಿಗೆ ಸಿಕ್ಕಿಸಿಕೊಂಡು ಮತ್ತೆ ಮರಕ್ಕೆ ಕಚ್ಚಿಸಿದೆ. ಆ ಹಗ್ಗಕ್ಕೆ ಎರಡು ಡಾಲರೂ ಆಗಿರಲಿಕ್ಕಿಲ್ಲ. ಈಗ ಹತ್ತುವುದು ನೆಟ್ಟಗಿನ ಟ್ಯೂಲಿಪ್ ಪಾಪ್ಲರ್ ಮರ, ಇಲ್ಲವೇ ರೆಡ್ ಓಕ್, ಅಡಿ ದಪ್ಪದ್ದು, ಅಷ್ಟೇ.

ಬುಡದಲ್ಲಿ ಪ್ಲಾಟ್‌ಫಾರ್ಮಿನ ಮೂತಿಯನ್ನು ನಾಲ್ಕು ಬೆರಳು ಮೇಲಕ್ಕೆತ್ತಿ ಶುರುಮಾಡುತ್ತೇನೆ. ಮೇಲೆ ಹೋದಂತೆ ಕಾಂಡ ಸಣ್ಣಗಾಗಿ, 20 ಅಡಿಯಲ್ಲಿ ಅದು ಸಮಮಟ್ಟಕ್ಕೆ ಬರುತ್ತದೆ. ಹಾರ್ನೆಸ್ಸನ್ನು ಮರಕ್ಕೆ ಸೇರಿಸುವ ಟೆದರ್ ಹಗ್ಗ ನೆಲದಿಂದಲೇ ಕಟ್ಟಿರಬೇಕು. ಪ್ರತಿ ಎಳೆತಕ್ಕೂ ಪ್ರುಸಿಕ್ ಗಂಟನ್ನು (ಕೈಯಲ್ಲಿ ಜಾರುತ್ತದೆ, ಭಾರ ಬಿದ್ದರೆ ಬಿಗಿಯುತ್ತದೆ) ತಲೆಗಿಂತ ಮೇಲಕ್ಕೆ ಜಾರಿಸಬೇಕು. ಕೂತಾಗ ಹಗ್ಗದಲ್ಲಿ ಸಡಿಲವೇ ಇರಬಾರದು. ಕಾಲಿಡುವ ರಿಲೀಫ್ ಸ್ಟ್ರಾಪ್ ಕೈಗೆಟಕುವ ಜೇಬಿನಲ್ಲಿರಲಿ: ಬಿದ್ದು ಹಾರ್ನೆಸ್‌ನಲ್ಲಿ ಸುಮ್ಮನೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತುಬಿಡುತ್ತದೆ. ಮೇಲೆ ತಲುಪಿದ ಮೇಲೆ ಎರಡೂ ತುಂಡುಗಳನ್ನು ಸ್ಟ್ರಾಪ್ ಹಾಕಿ ಮರಕ್ಕೆ ಬಿಗಿಯುತ್ತೇನೆ. ಬಿಲ್ಲು ಹಗ್ಗದಲ್ಲಿ ಬರುವುದು ಕೊನೆಗೆ, ಇಳಿಯುವುದು ಮೊದಲು.

ಸದ್ದಿಗೆ ಮಾಡದ ಪ್ರಯೋಗವಿಲ್ಲ. ಸೈಕಲ್ ಟ್ಯೂಬ್ ಸುತ್ತಿದೆ, ಚಳಿಗೆ ಸೆಟೆದುಕೊಂಡಿತು. ಫೆಲ್ಟ್ ಅಂಟಿಸಿದೆ, ಮಳೆ ಕುಡಿದು ಮಂಜುಗಟ್ಟಿತು. ಕೊನೆಗೆ ಉಳಿದದ್ದು ಹಾಕಿ ಸ್ಟಿಕ್ಕಿನ ಬಟ್ಟೆ ಟೇಪ್. ಸೀಟಿನ ಕೀಲುಗಳಿಗೆ ಹಾಕಿದ್ದು ಏನು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗಾಳಿಯ ದಿಕ್ಕು ನೋಡಲು ತೂರುವ ಪುಡಿಗಿಂತ ಮಿಲ್ಕ್‌ವೀಡ್ ಗಿಡದ ಅರಳೆ ಮೇಲು. ನಮ್ಮ ಎಕ್ಕದ ಅರಳೆಯ ಹಾಗೆ ತೇಲುತ್ತಾ ಐವತ್ತು ಗಜದಾಚೆಗೂ ಕಾಣುತ್ತದೆ. ಸಂಜೆ ತಂಪಾಗುತ್ತಿದ್ದಂತೆ ಅದು ಇಳಿಜಾರು ಹಿಡಿದು ಕೆಳಗಿಳಿಯಿತು. ಜೊತೆಗಾರರು ದಿಬ್ಬದ ಮೇಲೆ ಕೂರುತ್ತಿದ್ದರು, ಅವರ ವಾಸನೆ ನೇರ ಜಿಂಕೆ ದಾರಿಗೇ ಹೋಗುತ್ತಿತ್ತು. ಸಂಜೆ ಬೇಟೆಗೆ ನಾನು ದಾರಿಯ ಕೆಳಬದಿಯ ಮರ ಹಿಡಿದೆ. ಬಕ್ ಮೇಲಿನಿಂದ ಬಂತು, ತಲೆಯೆತ್ತಲೇ ಇಲ್ಲ. ಸೊಂಟದಿಂದ ಬಾಗಿ ಬಿಟ್ಟ ಬಾಣ ಎರಡೂ ಶ್ವಾಸಕೋಶ ದಾಟಿತು. ಎಂಬತ್ತು ಗಜದೊಳಗೇ ಸಿಕ್ಕಿತು.

ಮಾಂಸ ಕೊಯ್ದುಕೊಟ್ಟವನಿಗೆ 130 ಡಾಲರ್. ಒಂದು ಪಾಲನ್ನು ಮಡಿಕೇರಿಯಿಂದ ತಂದ ಕಾಚಂಪುಳಿ ಹಾಕಿ ಬೇಯಿಸಿ ಜೊತೆಗಾರರಿಗೆ ಬಡಿಸಿದೆ. ಅವರಲ್ಲೊಬ್ಬ ಮಾರನೇ ವಾರವೇ ಹಳೇ ಕ್ಲೈಂಬರ್ ಒಂದಕ್ಕೆ ಮುಂಗಡ ಕೊಟ್ಟು ಬಂದ. ಕೇಬಲ್ ನಾನೇ ನೋಡಿಕೊಡುತ್ತೇನೆ ಅಂದಿದ್ದೇನೆ.