ಫಿಟ್ಸ್ ಮಾತ್ರೆ ನುಂಗುತ್ತಿದ್ದೀರಾ? ಬಸಿರಿಗೆ ಮೊದಲೇ ಹೀಗೆ ಮಾಡಿ

ಮುಟ್ಟು ತಪ್ಪಿತು, ಕಿಟ್‌ನಲ್ಲಿ ಎರಡು ಗೆರೆ ಮೂಡಿತು, ಅವತ್ತು ರಾತ್ರಿಯಿಂದಲೇ ಫಿಟ್ಸ್ ಮಾತ್ರೆ ಬಂದ್. ಮಗುವಿಗೆ ಏನಾದರೂ ಆದೀತು ಎಂದು ಹೆದರಿ ಹೀಗೆ ಮಾಡುವವರಿದ್ದಾರೆ. ಭಯ ಸುಳ್ಳಲ್ಲ. ಆದರೆ ಮಾತ್ರೆ ಬಿಡುವುದು ಅದಕ್ಕಿಂತ ದೊಡ್ಡ ಅಪಾಯ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ಬರಬಹುದು.

ಇನ್ನೊಂದು ವಿಷಯ. ಮಗುವಿನ ಮಿದುಳು, ಬೆನ್ನುಹುರಿ ಆಗಬೇಕಾದ ನರಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ ಮುಚ್ಚಿಕೊಂಡುಬಿಡುತ್ತದೆ. ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಆಮೇಲೆ ಮಾತ್ರೆ ಬಿಟ್ಟು ಏನು ಬಂತು? ಮಾಡಬೇಕಾದ್ದನ್ನು ಬಸಿರಿಗೆ ಮೊದಲೇ ಮಾಡಬೇಕು.

ಮೊದಲು ಸ್ಟ್ರಿಪ್ ತಿರುಗಿಸಿ ಓದಿ

ಅದರ ಮೇಲೆ ಕಂಪನಿ ಇಟ್ಟ ಹೆಸರೊಂದು ಇರುತ್ತದೆ. ಔಷಧದ ಹೆಸರು ಬೇರೆ, ಅದು ಹತ್ತಿರವೇ ಇರುತ್ತದೆ. ಮೆಡಿಕಲ್ ಶಾಪಿನವರು ಐದೇ ಮಾತ್ರೆ ಕತ್ತರಿಸಿ ಕೊಟ್ಟಿದ್ದರೆ ಆ ಸಾಲೇ ಹಾರಿಹೋಗಿರುತ್ತದೆ. ಪೂರ್ತಿ ಸ್ಟ್ರಿಪ್ ಕೇಳಿ, ಫೋಟೊ ತೆಗೆದಿಟ್ಟುಕೊಳ್ಳಿ.

ಫಿಟ್ಸ್ ಬರುವುದು ಮಿದುಳಿನ ನರಕೋಶಗಳು ಹದ ತಪ್ಪಿ ಒಟ್ಟಿಗೇ ವಿದ್ಯುತ್ ಸಂಕೇತ ಹೊಡೆದಾಗ. ಫೆನಿಟಾಯಿನ್, ಕಾರ್ಬಮಾಜೆಪಿನ್, ಲ್ಯಾಮೋಟ್ರಿಜಿನ್ ಮಾತ್ರೆಗಳು ನರಕೋಶದೊಳಗೆ ಸೋಡಿಯಂ ನುಗ್ಗುವ ದಾರಿಯನ್ನು ತಡೆದು ಈ ಅಬ್ಬರ ಇಳಿಸುತ್ತವೆ. ಕ್ಲೋಬಜಾಮ್, ಫಿನೋಬಾರ್ಬಿಟಾಲ್ ಮಿದುಳನ್ನು ಶಾಂತಗೊಳಿಸುವ ಗಾಬಾ ರಾಸಾಯನಿಕಕ್ಕೆ ಬಲ ಕೊಡುತ್ತವೆ. ಲೆವೆಟಿರಾಸಿಟಮ್ ನರಕೋಶಗಳ ನಡುವೆ ಸಂಕೇತ ದಾಟಿಸುವ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತದೆ. ವ್ಯಾಲ್ಪ್ರೋಯೇಟ್‌ಗೆ ಒಂದಲ್ಲ, ಹಲವು ದಾರಿ. ಅದಕ್ಕೇ ಅದು ಬಹಳ ಬಗೆಯ ಫಿಟ್ಸ್‌ಗೆ ನಾಟುತ್ತದೆ.

ಆದರೆ ಬಸಿರಿನಲ್ಲಿ ಎಲ್ಲಕ್ಕಿಂತ ತೊಂದರೆ ಕೊಡುವುದೂ ಈ ವ್ಯಾಲ್ಪ್ರೋಯೇಟೇ. ಯಾವ ಮಾತ್ರೆಯನ್ನೂ ನುಂಗದ ತಾಯಂದಿರ 100 ಮಕ್ಕಳಲ್ಲಿ 2–3 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ಊನ ಇರುತ್ತದೆ. ವ್ಯಾಲ್ಪ್ರೋಯೇಟ್‌ನಲ್ಲಿ ಇದು ಸುಮಾರು 10. ಬೆನ್ನುಹುರಿ ಸರಿಯಾಗಿ ಮುಚ್ಚದಿರುವುದು, ಹೃದಯದ ದೋಷ, ಸೀಳು ತುಟಿ ಇಂಥವು. ಕಣ್ಣಿಗೆ ಕಾಣದ್ದು ಇನ್ನೂ ಜಾಸ್ತಿ. 100ರಲ್ಲಿ 30–40 ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆ ಹಿಂದೆ ಬೀಳಬಹುದು. ಡೋಸ್ ಏರಿದಷ್ಟೂ ಅಪಾಯ ಏರುತ್ತದೆ. ಫ್ರಾನ್ಸ್‌ನಲ್ಲಿ ಈ ಮಾತ್ರೆಯಿಂದ ತೊಂದರೆಯಾದ ಮಕ್ಕಳ ತಂದೆತಾಯಿ 2011ರಲ್ಲಿ ಸಂಘ ಕಟ್ಟಿ ಹೋರಾಟಕ್ಕೆ ಇಳಿದರು. 2018ರಲ್ಲಿ ಬ್ರಿಟನ್, ಗರ್ಭ ತಡೆಯುವ ಏರ್ಪಾಡಿಲ್ಲದೆ ಹೆರುವ ವಯಸ್ಸಿನವರಿಗೆ ಇದನ್ನು ಕೊಡಬಾರದು ಎಂದಿತು.

ಸ್ಟ್ರಿಪ್ ಮೇಲೆ 'ಡೈವಾಲ್ಪ್ರೊಯೆಕ್ಸ್' ಎಂದಿದ್ದರೂ ಅದು ಇದೇ ಬಳಗ. ಮೈಗ್ರೇನ್‌ಗೆ, ಬೈಪೋಲಾರ್ ಎಂಬ ಮನೋರೋಗಕ್ಕೂ ಇದನ್ನು ಬರೆಯುತ್ತಾರೆ. ಹಾಗಾಗಿ 'ನನಗೆ ಫಿಟ್ಸೇ ಇಲ್ಲವಲ್ಲ' ಎಂದು ಪುಟ ತಿರುಗಿಸಬೇಡಿ. ಮೈಗ್ರೇನ್‌ಗೆ ಕೊಡುವ ಟೋಪಿರಮೇಟ್ ಕೂಡ ಸೀಳು ತುಟಿಯ, ತೂಕ ಕಡಿಮೆ ಇರುವ ಮಗು ಹುಟ್ಟುವ ಅಪಾಯ ಹೆಚ್ಚಿಸುತ್ತದೆ. ಲ್ಯಾಮೋಟ್ರಿಜಿನ್, ಲೆವೆಟಿರಾಸಿಟಮ್ ಈಗ ಗೊತ್ತಿರುವ ಮಟ್ಟಿಗೆ ಹೆಚ್ಚು ಸುರಕ್ಷಿತ.

ಆಮೇಲೆ ನರರೋಗ ತಜ್ಞರ ಹತ್ತಿರ

ಮಗುವಿನ ಯೋಚನೆ ಬಂದಾಗಲೇ, ಆರು ತಿಂಗಳು ವರ್ಷ ಮೊದಲೇ ಹೋಗಿ. ಒಂದು ಮಾತ್ರೆ ನಿಧಾನ ಇಳಿಸಿ ಇನ್ನೊಂದು ಏರಿಸಲು ತಿಂಗಳುಗಳೇ ಬೇಕು. ಎರಡು ಮೂರು ಮಾತ್ರೆ ಇದ್ದರೆ ಒಂದಕ್ಕೆ ಇಳಿಸಲು ಆಗುತ್ತದಾ ಎಂದು ಕೇಳಿ. ಕೆಲವರಿಗೆ ವ್ಯಾಲ್ಪ್ರೋಯೇಟ್ ಬಿಟ್ಟು ಬೇರೇನೂ ನಾಟುವುದಿಲ್ಲ. ಅಂಥವರಿಗೆ ವೈದ್ಯರು ಆದಷ್ಟು ಕಡಿಮೆ ಡೋಸ್ ನೋಡುತ್ತಾರೆ. ಫೋಲಿಕ್ ಆಸಿಡ್ ಅನ್ನೂ ಈಗಲೇ ಶುರು ಮಾಡಬೇಕು, ಎಷ್ಟು ಎಂದು ಅವರೇ ಬರೆದುಕೊಡಲಿ.

ಬದಲಾವಣೆ ಮುಗಿಯುವ ತನಕ ಗರ್ಭ ನಿಲ್ಲಬಾರದು. ಇಲ್ಲೂ ಒಂದು ತೊಡಕಿದೆ. ಕಾರ್ಬಮಾಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ನುಂಗುವವರಿಗೆ ಗರ್ಭನಿರೋಧಕ ಗುಳಿಗೆ ಕೈಕೊಡಬಹುದು. ಕಾಪರ್-ಟಿಗೆ ಆ ಕಾಟವಿಲ್ಲ.

ಇದೆಲ್ಲಕ್ಕೂ ಅಡ್ಡ ಬರುವುದು ಮುಚ್ಚುಮರೆ. ಹಿಂದೂ ವಿವಾಹ ಕಾಯ್ದೆ ಒಂದು ಕಾಲಕ್ಕೆ ಫಿಟ್ಸ್ ಇರುವವರ ಮದುವೆಗೇ ಅಡ್ಡಿ ಮಾಡಿತ್ತು. ಆ ಮಾತನ್ನು ತೆಗೆದುಹಾಕಿದ್ದು 1999ರಲ್ಲಿ. ಕಾನೂನು ಬದಲಾದರೂ ಜನ ಬದಲಾಗಿಲ್ಲ. ಮಗಳಿಗೆ ಗಂಡು ನೋಡುವಾಗ ಬಾಯಿ ಬಿಡಬೇಡ ಎನ್ನುವವರು ಈಗಲೂ ಉಂಟು. ಸೀರೆ ಮಡಿಕೆಯಲ್ಲಿ ಮಾತ್ರೆ ಅಡಗಿಸಿಟ್ಟುಕೊಂಡವಳು ಗಂಡನ ಜೊತೆ ಕೂತು ಬಸಿರಿನ ಲೆಕ್ಕ ಹೇಗೆ ಹಾಕುತ್ತಾಳೆ? ಗಂಡನಿಗೆ ಗೊತ್ತಿರಲೇಬೇಕು.

ಈಗಾಗಲೇ ಬಸಿರಾಗಿದ್ದರೆ

ಮಾತ್ರೆ ನಿಲ್ಲಿಸಬೇಡಿ. ಆದಷ್ಟು ಬೇಗ ನರರೋಗ ತಜ್ಞರನ್ನು, ಹೆರಿಗೆ ಡಾಕ್ಟರನ್ನು ಕಾಣಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿ. 18–20 ವಾರಕ್ಕೆ ವಿವರವಾದ ಸ್ಕ್ಯಾನ್ ತಪ್ಪಿಸಬೇಡಿ. ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆ 1998ರಿಂದ ಫಿಟ್ಸ್ ಇರುವ ಗರ್ಭಿಣಿಯರ ದಾಖಲೆ ಇಡುತ್ತಾ ಬಂದಿದೆ. ಇಂಥ ದಾಖಲೆಗಳು ಹೇಳುವುದು ಒಂದೇ: ಬಹುಪಾಲು ತಾಯಂದಿರಿಗೆ ಹುಟ್ಟುವುದು ಆರೋಗ್ಯವಂತ ಮಕ್ಕಳೇ.

ಲ್ಯಾಮೋಟ್ರಿಜಿನ್ ತೆಗೆದುಕೊಳ್ಳುವವರು ಒಂದು ವಿಷಯ ಗಮನಿಸಿ. ತಿಂಗಳು ತುಂಬುತ್ತಾ ಹೋದಂತೆ ರಕ್ತದಲ್ಲಿ ಅದರ ಮಟ್ಟ ಬಹಳ ಇಳಿಯುತ್ತದೆ, ಡೋಸ್ ಏರಿಸಬೇಕಾಗಬಹುದು. ಹೆರಿಗೆ ಆದ ಮೇಲೆ ಮತ್ತೆ ಇಳಿಸದಿದ್ದರೆ ತಲೆ ಸುತ್ತು, ಕಣ್ಣು ಮಂಜು ಶುರುವಾಗುತ್ತದೆ.

ಹೆಚ್ಚಿನವರಿಗೆ ಸಹಜ ಹೆರಿಗೆ ಆಗುತ್ತದೆ, ಎದೆಹಾಲೂ ಕೊಡಬಹುದು. ಬಾಣಂತನದಲ್ಲಿ ನಿಜವಾದ ಶತ್ರು ನಿದ್ದೆಗೇಡು. ರಾತ್ರಿ ಒಂದು ಸರದಿಯನ್ನು ಅಮ್ಮನೋ ಗಂಡನೋ ವಹಿಸಿಕೊಳ್ಳಲಿ. ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು ನೆಲದ ಮೇಲೆ ಚಾಪೆ ಹಾಕಿಯೇ ಆಗಲಿ. ಮಗುವಿಗೆ ಎರೆಯುವಾಗ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು. ಬಾಣಂತಿ ಬಚ್ಚಲಿನ ಚಿಲಕ ಹಾಕಿಕೊಳ್ಳುವುದು ಬೇಡ.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ ತುರುಕುವುದು, ಬಾಯಿಗೆ ಚಮಚ ಇಡುವುದು, ನೀರು ಕುಡಿಸುವುದು ಯಾವುದೂ ಬೇಡ. ಎಡ ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಎಚ್ಚರ ಬರುವ ಮೊದಲೇ ಮತ್ತೆ ಶುರುವಾದರೆ 108ಕ್ಕೆ ಫೋನ್ ಮಾಡಿ. 20 ವಾರ ದಾಟಿದ ಗರ್ಭಿಣಿಗೆ, ಅದರಲ್ಲೂ ಬಿಪಿ ಏರಿದ್ದರೆ, ಐದು ನಿಮಿಷ ಕಾಯುವುದೂ ಬೇಡ. ಅದು ಫಿಟ್ಸ್ ಕಾಯಿಲೆಯೇ ಆಗಿರಬೇಕೆಂದಿಲ್ಲ, ಬಸಿರಿನ ನಂಜೂ (ಎಕ್ಲಾಂಪ್ಸಿಯಾ) ಇರಬಹುದು. ಅದರ ಚಿಕಿತ್ಸೆಯೇ ಬೇರೆ.