ಹಿತ್ತಿಲ ಮಣ್ಣಿಗೆ ವರ್ಷವಿಡೀ ಹೊದಿಕೆ

ಹೊಂಗೆ, ಬಾದಾಮಿ ಮರಗಳು ಎಲೆ ಉದುರಿಸುವ ಕಾಲಕ್ಕೆ ತರಗು ಗುಡಿಸಿ ಬೆಂಕಿ ಹಚ್ಚುವ ಮನೆಗಳು ಇಂದಿಗೂ ಬಹಳ. ದಯವಿಟ್ಟು ಸುಡಬೇಡಿ. ಬಯಲುಸೀಮೆಯ ಕೆಂಪು ಮಣ್ಣಿಗೆ ಕೊರತೆ ಇರುವುದೇ ಸಾವಯವ ಅಂಶದ್ದು. ಬೋಳಾಗಿ ಬಿಟ್ಟ ಮಡಿ ಬಿಸಿಲಿಗೆ ಕಾದು, ಮಳೆಯ ದಪ್ಪ ಹನಿ ಬಿದ್ದೊಡನೆ ಮೇಲ್ಪದರ ಹೆಪ್ಪುಗಟ್ಟುತ್ತದೆ. ಆಮೇಲೆ ಬಿದ್ದ ನೀರು ಇಂಗುವುದಿಲ್ಲ, ಮಣ್ಣನ್ನೂ ಹೊತ್ತುಕೊಂಡು ಹರಿಯುತ್ತದೆ.

ಬೇಸಿಗೆಯಲ್ಲಿ ಆ ತರಗನ್ನೇ ಮಡಿಯ ಮೇಲೆ ಮೂರು ಇಂಚು ದಪ್ಪಕ್ಕೆ ಹರಡಿ. ಗಿಡದ ಕಾಂಡಕ್ಕೆ ತಾಗಿಸಬೇಡಿ, ಕೊಳೆ ಬರುತ್ತದೆ. ಉಳಿದದ್ದನ್ನು ನೆರಳಿನ ಮೂಲೆಯಲ್ಲಿ ಅಡುಗೆಮನೆಯ ಸಿಪ್ಪೆ, ಸಗಣಿ ನೀರಿನ ಜೊತೆ ಪದರ ಪದರವಾಗಿ ಹಾಕಿದರೆ ಗೊಬ್ಬರವಾಗುತ್ತದೆ. ಹಿಂಡಿದ ಬಟ್ಟೆಯಷ್ಟು ತೇವ ಇದ್ದರೆ ಸಾಕು.

ಭರಣಿ ಮಳೆ ಬಿದ್ದರೆ ಧರಣಿಯೆಲ್ಲಾ ಬೆಳೆ ಅನ್ನುತ್ತಾರಲ್ಲ, ಆ ಹದದಲ್ಲಿ, ಅಂದರೆ ಏಪ್ರಿಲ್ ಕೊನೆ, ಮೇ ಮೊದಲ ಭಾಗದಲ್ಲಿ, ಖಾಲಿ ಮಡಿಗೆ ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಅಥವಾ ಅಲಸಂದೆ ಎರಚಿ. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗಕ್ಕೆ ಒಂದು ಹಿಡಿ ಸೆಣಬಿನ ಬೀಜ ಸಾಲುತ್ತದೆ. ವರ್ಷದ ಕೆಲಸಗಳಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ ಎನ್ನುತ್ತೇನೆ. ತಿಂಗಳು ಕಳೆದ ಮೇಲೆ ಒಂದು ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಎಬ್ಬಿಸಿ, ಬೇರು ತೊಳೆದು ನೋಡಿ. ಬೇರಿಗೆ ಅಂಟಿದ ಗಂಟುಗಳನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ, ಅಲ್ಲಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತಿವೆ ಎಂದರ್ಥ. ಸುಮಾರು 45 ದಿನಕ್ಕೆ, ಮೊಗ್ಗು ಮೂಡುವಾಗ ಕೊಯ್ದು ಮೇಲ್ಮಣ್ಣಿಗೆ ಸೇರಿಸಿ. ಹೂ ಬಿಟ್ಟು ಕಾಯಿ ಕಟ್ಟಿದರೆ ಕಾಂಡ ನಾರಾಗಿ ಬೇಗ ಕಳಿಯುವುದಿಲ್ಲ. ಎರಡು ವಾರ ಬಿಟ್ಟು, ಜೂನ್ ಕೊನೆಯ ಆರಿದ್ರಾ ಮಳೆಯ ಹೊತ್ತಿಗೆ ಬದನೆ, ಮೆಣಸಿನ ಸಸಿ ನೆಡಬಹುದು. ಕರಾವಳಿ, ಮಲೆನಾಡಿನವರು ತಮ್ಮ ಮಳೆಗೆ ತಕ್ಕಂತೆ ದಿನ ಹೊಂದಿಸಿಕೊಳ್ಳಲಿ.

ಮಳೆ ಬಿಡದೆ ಹಿಡಿದಾಗ ಹೊದಿಕೆ ತೆಳುವಾಗಿರಲಿ. ಇಲ್ಲದಿದ್ದರೆ ಆಫ್ರಿಕನ್ ಬಸವನಹುಳು ಅದರಡಿ ಮನೆ ಮಾಡುತ್ತದೆ. ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಹುಳುಗಳು ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿ ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಣ್ಣಿಗೆ ಮಾತ್ರ ಸುರಿಯಬೇಡಿ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ಹಸ್ತ, ಚಿತ್ತಾ ಮಳೆಯಲ್ಲಿ ತೆರವಾದ ಜಾಗಕ್ಕೆ ಹುರುಳಿ ಚೆಲ್ಲಿ. ಜೀವಾಮೃತ ಕೊಡಲೂ ಇದು ಒಳ್ಳೆಯ ಸಮಯ. 20 ಲೀಟರ್ ನೀರಿಗೆ ಒಂದು ಕಿಲೋ ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಕಲಸಿ. ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುವಿ. ಎರಡು ದಿನ ಕಳೆದ ಮೇಲೆ, ವಾರದೊಳಗೆ, ತೇವವಿರುವ ಮಣ್ಣಿಗೆ ಹಾಕಿ ಮುಗಿಸಿ.

ಚಳಿಗಾಲದಲ್ಲಿ ಅವರೆ ಕೊಯ್ಲು ಮುಗಿದ ಗಿಡಗಳನ್ನು ಕೀಳಬೇಡಿ. ಬುಡಕ್ಕೆ ಕತ್ತರಿಸಿ ಬೇರನ್ನು ನೆಲದಲ್ಲೇ ಬಿಟ್ಟು, ಬಳ್ಳಿಯನ್ನು ಅದೇ ಮಡಿಯ ಮೇಲೆ ಹಾಸಿ.