ಓಲ್ಡ್ ಕೋರ್ಸ್‌ನಲ್ಲಿ ಚೆಂಡನ್ನು ನೆಲದ ಮೇಲೇ ಓಡಿಸಿ

ಆನ್‌ಲೈನ್ ಗಾಲ್ಫ್ ಗೇಮ್‌ನಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಓಲ್ಡ್ ಕೋರ್ಸ್ ಮೊದಲ ಸಲ ತೆರೆದಾಗ ನನಗೆ ನಗು ಬಂತು. ಮರವಿಲ್ಲ, ಕೆರೆಯಿಲ್ಲ, ಬರೀ ಬಟಾಬಯಲು. ಇದೇನು ಮಹಾ ಅಂದುಕೊಂಡೆ. 18 ಹೋಲ್ (ಚೆಂಡು ಬೀಳಿಸಬೇಕಾದ ಕುಳಿ) ಮುಗಿಸಲು 94 ಹೊಡೆತ ಬಿತ್ತು. ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಬೇರೆ ಕೋರ್ಸ್‌ಗಳಲ್ಲಿ 70ರ ಆಸುಪಾಸಿನಲ್ಲಿ ಮುಗಿಸುವವನು ನಾನು!

ಕುಳಿಯ ಬಾವುಟ 150 ಗಜ ದೂರ ಅಂತ ತೋರಿಸಿದರೆ, ಅಷ್ಟೇ ದೂರ ಹಾರಿಸುವ ಕ್ಲಬ್ (ಗಾಲ್ಫ್ ಕೋಲು) ತೆಗೆಯುತ್ತಿದ್ದೆ. ಅದೇ ತಪ್ಪು. ಓಲ್ಡ್ ಕೋರ್ಸ್ ಲಿಂಕ್ಸ್ ಮೈದಾನ, ಅಂದರೆ ಕಡಲಂಚಿನ ಮರಳು ನೆಲ. ನೀರು ನಿಲ್ಲುವುದಿಲ್ಲ, ಹಾಗಾಗಿ ನೆಲ ಗಟ್ಟಿ. ಬಿದ್ದ ಚೆಂಡು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ದಾಟಿ ಓಡಿಬಿಡುತ್ತದೆ. ಈಗ 130ಕ್ಕೆ ಗುರಿ ಇಟ್ಟು, ತಗ್ಗಾಗಿ ಹೊಡೆದು, ಉಳಿದದ್ದನ್ನು ನೆಲಕ್ಕೆ ಬಿಡುತ್ತೇನೆ. ನಿಮ್ಮ ಗೇಮ್‌ನಲ್ಲಿ ಎಷ್ಟು ಉರುಳುತ್ತದೆ ಅಂತ ಅಭ್ಯಾಸದ ಸುತ್ತಿನಲ್ಲಿ ನಾಲ್ಕೈದು ಸಲ ನೋಡಿ ಬರೆದಿಟ್ಟುಕೊಳ್ಳಿ. ಎದುರುಗಾಳಿ ಇದ್ದರೆ ಜೋರು ಮಾಡಬೇಡಿ. ಇನ್ನೂ ದೂರ ಹೋಗುವ ಕ್ಲಬ್ ತೆಗೆದು ಅರ್ಧ ಸ್ವಿಂಗ್ ಮಾಡಿ.

ಟೀಯಿಂದ, ಅಂದರೆ ಮೊದಲ ಹೊಡೆತದ ಜಾಗದಿಂದ, ಅನುಮಾನ ಬಂದರೆ ಎಡಕ್ಕೆ ಹೊಡೆಯಿರಿ. ಬಲಗಡೆ ಮುಳ್ಳುಪೊದೆ, ಗಡಿ ಎಲ್ಲ ಇದೆ. ಬಂಕರ್‌ಗಳು (ಮರಳು ಗುಂಡಿಗಳು) 112. ಇಲ್ಲೇ ನಡೆದ 2000ರ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ಟೈಗರ್ ವುಡ್ಸ್ ನಾಲ್ಕು ದಿನ ಒಂದಕ್ಕೂ ಬೀಳದೆ 8 ಹೊಡೆತಗಳ ಅಂತರದಲ್ಲಿ ಗೆದ್ದ. ನಾವು ಬೀಳ್ತೀವಿ, ಬಿಡಿ. ಬಿದ್ದರೆ ಗೋಡೆಯಂಥ ಅಂಚಿನ ಮೇಲೆ ಹಾರಿಸುವ ಹುಂಬತನ ಬೇಡ, ಪಕ್ಕಕ್ಕೆ ಅಥವಾ ಹಿಂದಕ್ಕೆ ಹೊರಗೆ ಬನ್ನಿ. 14ನೇ ಹೋಲ್‌ನ ಹೆಲ್ ಬಂಕರ್‌ನಲ್ಲಿ ಮುಂದಕ್ಕೇ ಹೊಡೀತೀನಿ ಅಂತ ಹಟ ಹಿಡಿದು ನಾನು ನಾಲ್ಕು ಹೊಡೆತ ಕಳೆದಿದ್ದೇನೆ.

ಏಳು ಗ್ರೀನ್‌ಗಳು ಜೋಡಿ, ಎರಡು ಹೋಲ್‌ಗಳಿಗೆ ಒಂದೇ. 2ನೇ ಹೋಲ್‌ಗೆ 16 ಜೋಡಿ, 5ಕ್ಕೆ 13, ಹೀಗೆ ಎರಡೂ ಸಂಖ್ಯೆ ಕೂಡಿದರೆ 18. ಬಾವುಟ ನಿಮ್ಮದೇನಾ ಅಂತ ನೋಡಿಕೊಂಡು ಹೊಡೆಯಿರಿ.

17ನೇ ಹೋಲ್‌ಗೆ ಮಾತ್ರ ಸ್ವಲ್ಪ ಜಾಸ್ತಿ ಸಮಯ ಕೊಡಿ. 495 ಗಜ, ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಲೆಕ್ಕ). ಬಲಗಡೆ ಹೋಟೆಲ್, ಅತ್ತ ಹೋದರೆ ಗಡಿ ಆಚೆ. ಗ್ರೀನ್‌ನ ಎಡಕ್ಕೆ ಆಳದ ರೋಡ್ ಬಂಕರ್, ಹಿಂದೆ ರಸ್ತೆ. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಜಿಮಾ ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟಿದ್ದ. ಆಮೇಲೆ ಪಟ್ ಮಾಡಿದ (ನೆಲದ ಮೇಲೆ ಮೆಲ್ಲಗೆ ತಳ್ಳಿದ) ಚೆಂಡು ಉರುಳಿ ಆ ಬಂಕರ್‌ಗೆ ಬಿತ್ತು. ಲೆಕ್ಕ 9ಕ್ಕೆ ಹೋಯಿತು! ಹಾಗಾಗಿ ಪಟ್ ಮಾಡುವಾಗ ಗೇಮ್ ತೋರಿಸುವ ಗ್ರಿಡ್‌ನಲ್ಲಿ (ಚೌಕಗಳ ಗೆರೆ) ಇಳಿಜಾರು ಆ ಕಡೆಗಿದೆಯಾ ಅಂತ ನೋಡಲೇಬೇಕು. ನಾನು ಎರಡನೇ ಹೊಡೆತವನ್ನು ಗ್ರೀನ್‌ನ ಮುಂದೆ, ಬಲಬದಿಗೆ ನಿಲ್ಲಿಸಿ, ಅಲ್ಲಿಂದ ಪಟರ್‌ನಲ್ಲೇ ಮೇಲಕ್ಕೆ ಉರುಳಿಸುತ್ತೇನೆ. ಹೆಚ್ಚಿನ ಸಲ 5 ಆಗುತ್ತದೆ. ಇಲ್ಲಿ 5 ಅಂದರೆ ನನಗೆ ಸಂತೋಷವೇ.

18ನೇ ಹೋಲ್‌ನಲ್ಲಿ ಗ್ರೀನ್ ಮುಂದಿನ ತಗ್ಗಿನಲ್ಲಿ ಚೆಂಡು ನಿಂತರೂ ವೆಜ್ (ಚೆಂಡನ್ನು ಎತ್ತರಕ್ಕೆ ಹಾರಿಸುವ ಕ್ಲಬ್) ಮುಟ್ಟಬೇಡಿ. ಪಟರ್‌ನಲ್ಲಿ ಅಂದಾಜಿಗಿಂತ ತುಸು ಜೋರಾಗಿಯೇ ತಳ್ಳಿ. ಮೆಲ್ಲಗಾದರೆ ಏರು ಹತ್ತದೆ ಹೊಡೆದ ಜಾಗಕ್ಕೇ ವಾಪಸ್ ಬರುತ್ತದೆ. ಒಂದೇ ಸುತ್ತಿನಲ್ಲಿ ನನಗೆ ಎರಡು ಸಲ ಬಂದಿದೆ.